ಬ್ರೂಜ್‌ನಿಂದ ಕಾಲುವೆ ಏರಿ ಮೇಲೆ ಸೈಕಲ್: ಮೊದಲು ಗಾಳಿ, ಆಮೇಲೆ ದಾರಿ

ಬೆಲ್ಜಿಯಂಗೆ ಬಂದ ನಮ್ಮ ಕಡೆಯವರು ಬ್ರೂಜ್ ಊರಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ಕಾಲುವೆ ಏರಿ ಮೇಲೆ ಹೊರಡುತ್ತಾರೆ. ಬೆಳಿಗ್ಗೆ ನನಗೆ ಫೋಟೋ ಬರುತ್ತದೆ. ಗೆರೆ ಎಳೆದ ಹಾಗೆ ನೇರ ನೀರು, ಪಕ್ಕದಲ್ಲಿ ಎತ್ತರದ ಮರಗಳು, ಕಣ್ಣಿಗೆ ಒಂದು ಕಾರಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಬರುತ್ತದೆ. ‘ಹೋಗೋವಾಗ ಹೂವೆತ್ತಿದ ಹಾಗಿತ್ತು. ಈಗ ಪೆಡಲ್ಲೇ ತಿರುಗ್ತಿಲ್ಲ. ಇಲ್ಲಿಂದ ಬಸ್ಸು ಸಿಗುತ್ತಾ?’

ನಾನು ಈ ದೇಶಕ್ಕೆ ಬಂದು ಒಂಬತ್ತು ವರ್ಷ ಆಯಿತು. ಇಂಥ ಫೋನ್ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಎಲ್ಲರೂ ಎಡವುವುದು ಒಂದೇ ಕಡೆ. ನೆಲ ಸಪಾಟಾಗಿದೆ, ಹಾಗಾಗಿ ಸುಲಭ ಅಂದುಕೊಳ್ಳುತ್ತಾರೆ. ಇಲ್ಲಿ ಏರು ಇಲ್ಲ, ನಿಜ. ಆದರೆ ಏರಿನ ಕೆಲಸವನ್ನೆಲ್ಲ ಗಾಳಿ ಮಾಡುತ್ತದೆ. ಮೊದಲು ಸೈಕಲ್, ಆಮೇಲೆ ದಾರಿ, ಗಾಳಿಯ ಯೋಚನೆ ಕೊನೆಗೆ ಅಂತ ಹೊರಟರೆ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬರುತ್ತದೆ. ಈ ಕ್ರಮವನ್ನು ತಿರುಗಿಸಿ ಹಾಕಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

## ದಾರಿಯ ನಕ್ಷೆ ತಲೆಯಲ್ಲಿರಲಿ

ಬ್ರೂಜ್ ಊರಿನ ಈಶಾನ್ಯ ಮೂಲೆಯಲ್ಲಿ ಡಾಮ್‌ಪೋರ್ಟ್ ಅನ್ನುವ ಜಾಗ ಇದೆ. ಅಲ್ಲಿಂದ ಹೊರಡುವ ಕಾಲುವೆಯ ಹೆಸರು ಡಾಮ್ಸ ವಾರ್ಟ್. ನೆಪೋಲಿಯನ್ ಕಾಲದಲ್ಲಿ ತೋಡಲು ಶುರು ಮಾಡಿದ ಕಾಲುವೆ ಇದು. ಈಶಾನ್ಯಕ್ಕೆ ನೇರವಾಗಿ ಹೋಗುತ್ತದೆ. ಸುಮಾರು 5 ಕಿ.ಮೀ. ದೂರದಲ್ಲಿ ಡಾಮ ಅನ್ನುವ ಪುಟ್ಟ ಊರು. ಅಲ್ಲಿಂದ ಇನ್ನೂ 4 ಕಿ.ಮೀ. ಹೋದರೆ ಸಿಫನ್ ಅನ್ನುವ ಜಾಗ. ಅದನ್ನು ದಾಟಿ 5-6 ಕಿ.ಮೀ. ಹೋದರೆ ಸ್ಲೌಸ್. ಸ್ಲೌಸ್ ಇರುವುದು ನೆದರ್‌ಲ್ಯಾಂಡ್ಸ್‌ನಲ್ಲಿ.

ಸಿಫನ್‌ನಲ್ಲಿ ಇನ್ನೆರಡು ಕಾಲುವೆಗಳು ಜೋಡಿಯಾಗಿ ಅಡ್ಡ ಬರುತ್ತವೆ. ಒಂದು ಸ್ಕಿಪ್‌ಡೊಂಕ್, ಇನ್ನೊಂದು ಲಿಯೊಪೋಲ್ಡ್. ಎರಡೂ 19ನೇ ಶತಮಾನದ ಮಧ್ಯದಲ್ಲಿ ತೋಡಿದವು. ಎರಡೂ ವಾಯುವ್ಯಕ್ಕೆ ಸಮುದ್ರದ ಕಡೆ ಹೋಗಿ ಹೈಸ್ಟ್ ಊರಿನ ಹತ್ತಿರ ಮುಗಿಯುತ್ತವೆ. ಸಿಫನ್‌ನಿಂದ ಅಲ್ಲಿಗೆ ಸುಮಾರು 10 ಕಿ.ಮೀ.

ಹಿಂದೆ ದೋಣಿಗಳಿಗೆ ಹಗ್ಗ ಕಟ್ಟಿ ದಡದ ಮೇಲಿಂದ ಕುದುರೆಗಳು ಎಳೆಯುತ್ತಿದ್ದವು. ಆ ಕುದುರೆ ನಡೆಯುತ್ತಿದ್ದ ದಾರಿಯನ್ನು ಇಲ್ಲಿಯವರು ‘ಯಾಹ್‌ಪಾಡ್’ ಅನ್ನುತ್ತಾರೆ. ಕುದುರೆಗೆ ಮತ್ತು ನೀರಿಗೆ ನಡುವೆ ಹಗ್ಗ ಆಡಬೇಕಿತ್ತು. ಹಾಗಾಗಿ ದಾರಿಗೂ ನೀರಿಗೂ ನಡುವೆ ಕಂಬಿ ಇಲ್ಲ, ತಡೆಗೋಡೆ ಇಲ್ಲ. ಮಂಡ್ಯ ಕಡೆ ನಾಲೆ ಏರಿ ಮೇಲೆ ಸೈಕಲ್ ಹೊಡೆದವರಿಗೆ ಇದು ಗೊತ್ತಿರುವ ವಿಷಯವೇ.

## ಹಂತ 1: ಹಿಂದಿನ ದಿನ ಸಂಜೆ ಗಾಳಿ ನೋಡಿ

ರೈಲು ಟಿಕೆಟ್, ಸೈಕಲ್ ಬುಕಿಂಗ್ ಎಲ್ಲ ಆಮೇಲೆ. ಮೊದಲು ಹವಾಮಾನದ ಆ್ಯಪ್ ತೆಗೆದು ಬ್ರೂಜ್‌ನ ಗಾಳಿ ನೋಡಿ. ಮಳೆ ಎಷ್ಟು ಶೇಕಡಾ ಅನ್ನುವುದಕ್ಕಿಂತ ಗಾಳಿಯ ದಿಕ್ಕು ಮತ್ತು ವೇಗ ಮುಖ್ಯ.

ಇಲ್ಲಿ ಜಾಸ್ತಿ ಬೀಸುವುದು ನೈರುತ್ಯ ಗಾಳಿ. ನಮ್ಮ ಮುಂಗಾರಿನ ದಿಕ್ಕೇ, ನೆನಪಿಡುವುದು ಸುಲಭ. ನೈರುತ್ಯದಿಂದ ಬಂದ ಗಾಳಿ ಈಶಾನ್ಯಕ್ಕೆ ಹೋಗುತ್ತದೆ. ಡಾಮ್ಸ ವಾರ್ಟ್ ಹೋಗುವುದೂ ಈಶಾನ್ಯಕ್ಕೇ. ಅಂದರೆ ಬ್ರೂಜ್‌ನಿಂದ ಹೊರಟಾಗ ಗಾಳಿ ಬೆನ್ನಿಗೆ ಇರುತ್ತದೆ. ಬೆನ್ನಿಗೆ ಇರುವ ಗಾಳಿ ಗೊತ್ತೇ ಆಗುವುದಿಲ್ಲ! ‘ಇವತ್ತು ಗಾಳಿನೇ ಇಲ್ಲ, ಕಾಲಲ್ಲಿ ಶಕ್ತಿ ಚೆನ್ನಾಗಿದೆ’ ಅನಿಸುತ್ತದೆ. 15 ಕಿ.ಮೀ. ಹೋಗಿ ತಿರುಗಿದಾಗ ಎದೆಗೆ ಬಡಿಯುತ್ತದೆ.

ಅನುಮಾನ ಇದ್ದರೆ ಕಾಲುವೆ ಪಕ್ಕದ ಪಾಪ್ಲರ್ ಮರಗಳನ್ನು ನೋಡಿ. ಎಷ್ಟೋ ಮರಗಳು ನೆಟ್ಟಗೆ ನಿಂತಿಲ್ಲ. ಸಾಲಿಗೆ ಸಾಲೇ ಒಂದೇ ಕಡೆಗೆ ವಾಲಿವೆ. ಯಾರೋ ಅಂಗೈಯಿಂದ ಮೆಲ್ಲಗೆ ಒತ್ತಿದ ಹಾಗೆ. ಅವು ವಾಲಿರುವ ದಿಕ್ಕಿಗೇ ನೀವು ಹೋಗುತ್ತಿದ್ದೀರಿ ಅಂದರೆ ವಾಪಸ್ ದಾರಿ ಕಷ್ಟದ್ದು.

ವೇಗದ ಲೆಕ್ಕ ನಾನು ಹೀಗೆ ಇಟ್ಟುಕೊಂಡಿದ್ದೇನೆ:

- ಗಂಟೆಗೆ 20 ಕಿ.ಮೀ. ಒಳಗಿದ್ದರೆ ಯಾವ ದಿಕ್ಕಾದರೂ ಸರಿ.
- 20ರಿಂದ 30 ಇದ್ದರೆ ದಿಕ್ಕು ನೋಡಿಯೇ ದಾರಿ ಆರಿಸಿ. ಎದುರು ಗಾಳಿಯಲ್ಲಿ ನನ್ನ ವೇಗ 15ರಿಂದ 10ಕ್ಕೆ ಇಳಿಯುತ್ತದೆ. ಒಂದು ಗಂಟೆಯ ದಾರಿ ಒಂದೂವರೆ ಗಂಟೆ ಆಗುತ್ತದೆ.
- 30 ದಾಟಿದರೆ ಹೊಸಬರು, ಮಕ್ಕಳಿರುವವರು ಡಾಮವರೆಗೆ ಹೋಗಿ ಬಂದರೆ ಸಾಕು.
- 40 ಮೇಲೆ ಇದ್ದರೆ ಆ ದಿನ ಬೇಡ. ಪಕ್ಕದಿಂದ ಬೀಸಿದರೆ ಸೈಕಲ್ಲನ್ನು ನೀರಿನ ಕಡೆಗೆ ತಳ್ಳುತ್ತದೆ, ಪಾಪ್ಲರ್ ಕೊಂಬೆಗಳೂ ಮುರಿದು ಬೀಳುತ್ತವೆ.

ಇನ್ನೊಂದು ವಿಷಯ. ಬಿಸಿಲು ಜೋರಾಗಿರುವ ಬೇಸಿಗೆ ದಿನ ಬೆಳಿಗ್ಗೆ ಎಲೆಯೂ ಅಲ್ಲಾಡುವುದಿಲ್ಲ. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಶುರುವಾಗುತ್ತದೆ. ಹಾಗಾಗಿ ಬೆಳಗಿನ ಒಂದು ಅಂಕಿ ನೋಡಿ ಸುಮ್ನಾಗಬೇಡಿ. ಗಂಟೆ ಗಂಟೆಯ ಮುನ್ಸೂಚನೆ ನೋಡಿ.

## ಹಂತ 2: ಗಾಳಿಗೆ ತಕ್ಕ ದಾರಿ ಆರಿಸಿ

ಮೂರು ದಾರಿ ಹೇಳುತ್ತೇನೆ. ಮೂರೂ ನಾನು ಹಲವು ಸಲ ಹೋಗಿ ಬಂದ ದಾರಿಗಳು.

ಗಿಡ್ಡ ದಾರಿ. ಡಾಮವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್. ಡಾಮ್‌ಪೋರ್ಟ್‌ನಿಂದ ಲೆಕ್ಕ ಹಾಕಿದರೆ ಸುಮಾರು 10 ಕಿ.ಮೀ. ಹತ್ತು ವರ್ಷದಿಂದ ಸೈಕಲ್ ಮುಟ್ಟದವರಿಗೆ, ಅಪ್ಪ ಅಮ್ಮನನ್ನು ಕರೆದುಕೊಂಡು ಬಂದವರಿಗೆ ಇದೇ ಸರಿ. ಎದುರು ಗಾಳಿ ಇದ್ದರೂ ಕಷ್ಟ ಅರ್ಧ ಗಂಟೆಯದ್ದು.

ಉದ್ದದ ದಾರಿ. ಸ್ಲೌಸ್‌ವರೆಗೆ ಹೋಗಿ ವಾಪಸ್, ಸುಮಾರು 30 ಕಿ.ಮೀ. ಗಾಳಿ ಈಶಾನ್ಯದಿಂದ ಬೀಸುವ ದಿನ ಇದನ್ನು ಆರಿಸಿ. ಹೋಗುವಾಗ ಎದುರು ಗಾಳಿ, ಕಾಲಿನಲ್ಲಿ ಶಕ್ತಿ ಇರುವಾಗಲೇ ಆ ಕಷ್ಟ ಮುಗಿಯುತ್ತದೆ. ಬರುವಾಗ ಗಾಳಿಯೇ ಮನೆಗೆ ತಲುಪಿಸುತ್ತದೆ. ಗಾಳಿ ಕಡಿಮೆ ಇರುವ ದಿನವೂ ಇದು ಚೆನ್ನ.

ಒಂದೇ ಕಡೆಯ ದಾರಿ. ನೈರುತ್ಯ ಗಾಳಿ ಜೋರಾಗಿರುವ ದಿನಕ್ಕೆ ಇದು. ಬ್ರೂಜ್‌ನಿಂದ ಡಾಮ, ಸಿಫನ್‌ವರೆಗೆ ಗಾಳಿ ಬೆನ್ನಿಗೆ. ಸಿಫನ್‌ನಲ್ಲಿ ಎಡಕ್ಕೆ ತಿರುಗಿ ಜೋಡಿ ಕಾಲುವೆ ಪಕ್ಕ ಹೈಸ್ಟ್‌ಗೆ ಹೋಗಿ. ಆಗ ಗಾಳಿ ಪಕ್ಕದಿಂದ, ಎದುರಿಗಲ್ಲ. ಹೈಸ್ಟ್‌ನಲ್ಲಿ ಸೈಕಲ್ ಸಮೇತ ರೈಲು ಹತ್ತಿ ಬ್ರೂಜ್‌ಗೆ ವಾಪಸ್. ಸ್ಟೇಷನ್‌ನಿಂದ ಸ್ಟೇಷನ್‌ಗೆ ಸುಮಾರು 25 ಕಿ.ಮೀ. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಒಳ್ಳೆಯದು. ಆದರೆ ತುಂಬಾ ಜನಕ್ಕೆ ಇದು ಹೊಳೆಯುವುದೇ ಇಲ್ಲ. ಹೊರಟಲ್ಲಿಗೇ ಪೆಡಲ್ ಹೊಡೆದು ಬರಬೇಕು ಅಂತ ಮನಸ್ಸಲ್ಲಿ ಕೂತಿರುತ್ತದೆ.

ಗಾಳಿ ವಾಯುವ್ಯದಿಂದ ಇದ್ದರೆ ಹೈಸ್ಟ್ ಕಡೆ ಹೋಗಬೇಡಿ. ಆ ಕೊನೆಯ 10 ಕಿ.ಮೀ. ಬಯಲಲ್ಲಿ ತಲೆ ಬಗ್ಗಿಸಿಕೊಂಡೇ ಹೋಗಬೇಕಾಗುತ್ತದೆ. ಅಂಥ ದಿನ ಸ್ಲೌಸ್ ದಾರಿ ಹಿಡಿಯಿರಿ, ಎರಡೂ ಕಡೆಗೆ ಪಕ್ಕದ ಗಾಳಿ ಸಿಗುತ್ತದೆ.

## ಹಂತ 3: ಸಂಖ್ಯೆಗಳ ಚೀಟಿ ಬರೆದುಕೊಳ್ಳಿ

ದಾರಿ ತಪ್ಪುವವರೆಲ್ಲ ಹೆಚ್ಚುಕಮ್ಮಿ ಫೋನಿನ ಮ್ಯಾಪ್ ನಂಬಿದವರು. ಮ್ಯಾಪ್‌ಗೆ ಬೇಕಿರುವುದು ಹತ್ತಿರದ ದಾರಿ. ನಿಮಗೆ ಬೇಕಿರುವುದು ಕಾರಿಲ್ಲದ ದಾರಿ. ಅದು ಇದ್ದಕ್ಕಿದ್ದ ಹಾಗೆ ಏರಿ ಬಿಟ್ಟು ಕಾರು ಓಡಾಡುವ ರಸ್ತೆಗೆ ಇಳಿಸಿಬಿಡುತ್ತದೆ.

ಇಲ್ಲಿ ಸೈಕಲ್ ದಾರಿಗಳಿಗೆ ‘ಕ್ನೋಪ್‌ಪುಂಟ್’ ಅನ್ನುವ ಪದ್ಧತಿ ಇದೆ. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಶುರುವಾಗಿ ಆಮೇಲೆ ನೆದರ್‌ಲ್ಯಾಂಡ್ಸ್‌ಗೂ ಹಬ್ಬಿತು. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಗೆ ಹೋಗಲು ದಾರಿಯುದ್ದಕ್ಕೂ ಬಾಣದ ಗುರುತಿನ ಫಲಕ. ನೀವು ಮಾಡಬೇಕಿರುವುದು ಇಷ್ಟು:

1. ಮನೆಯಲ್ಲೇ ಫೀಟ್ಸ್‌ನೆಟ್ ಅನ್ನುವ ತಾಣದಲ್ಲಿ ಬ್ರೂಜ್ ಸುತ್ತಲಿನ ನಕ್ಷೆ ತೆಗೆಯಿರಿ.
2. ಡಾಮ್ಸ ವಾರ್ಟ್ ಮೇಲೆ ಬರುವ ಸಂಖ್ಯೆಗಳನ್ನು ಒಂದೊಂದಾಗಿ ಒತ್ತಿ. ಒಟ್ಟು ದೂರ ತಾನೇ ಬರುತ್ತದೆ.
3. ಸಂಖ್ಯೆಗಳನ್ನು ಕ್ರಮವಾಗಿ ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆಯಿರಿ. ಊರಿನ ಹೆಸರನ್ನೂ ಪಕ್ಕದಲ್ಲಿ ಹಾಕಿ.
4. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹ್ಯಾಂಡಲ್ಲಿಗೆ ಅಂಟಿಸಿ. ಸೆಲ್ಲೋ ಟೇಪ್ ಮನೆಯಿಂದಲೇ ತನ್ನಿ.

ನಾನು ಸಂಖ್ಯೆಗಳನ್ನು ಇಲ್ಲಿ ಕೊಡದೆ ಇರುವುದಕ್ಕೆ ಕಾರಣ ಇದೆ. ಆಗಾಗ ಜಾಲವನ್ನು ಪರಿಷ್ಕರಿಸಿ ಸಂಖ್ಯೆ ಬದಲಾಯಿಸುತ್ತಾರೆ. ಹಳೆಯ ಪಟ್ಟಿ ಹಿಡಿದು ಹೋದರೆ ದಾರಿ ತಪ್ಪುವುದು ಖಂಡಿತ. ಹೊರಡುವ ಹಿಂದಿನ ದಿನ ನೀವೇ ನೋಡಿ ಬರೆದುಕೊಳ್ಳಿ.

ಇನ್ನೊಂದು ತಪ್ಪು: ಬರೀ ಸಂಖ್ಯೆ ಹಾಕಿ ಹುಡುಕುವುದು. ಸಂಖ್ಯೆಗಳು ಸಾಮಾನ್ಯವಾಗಿ ಎರಡು ಅಂಕಿಯವು, ಒಂದೇ ಸಂಖ್ಯೆ ಬೇರೆ ಬೇರೆ ಕಡೆ ಇರುತ್ತದೆ. ಊರಿನ ಹೆಸರಿಗೂ ಇದೇ ಮಾತು. ‘ಡಾಮ್‌ಪೋರ್ಟ್’ ಅಂತ ಹುಡುಕಿದರೆ ಫೋನು ಗೆಂಟ್ ಊರಿನ ಡಾಮ್‌ಪೋರ್ಟ್ ಸ್ಟೇಷನ್ ತೋರಿಸುತ್ತದೆ. ಅದು ಬೇರೆ ಊರು! ನನ್ನ ಅಕ್ಕನ ಮಗ ಅದನ್ನು ನಂಬಿ ರೈಲಿನಿಂದ ಗೆಂಟ್‌ನಲ್ಲೇ ಇಳಿದುಬಿಟ್ಟಿದ್ದ. ಹೈಸ್ಟ್‌ಗೂ ಹೀಗೇ. ಹೈಸ್ಟ್-ಒಪ್-ಡೆನ್-ಬೆರ್ಖ್ ಅನ್ನುವ ಇನ್ನೊಂದು ಸ್ಟೇಷನ್ ಆಂಟ್‌ವರ್ಪ್ ಪ್ರಾಂತ್ಯದಲ್ಲಿದೆ. ಟಿಕೆಟ್ ತಗೊಳ್ಳುವಾಗ ಹೆಸರು ಪೂರ್ತಿ ಓದಿ.

## ಹಂತ 4: ರೈಲು

ಬ್ರಸೆಲ್ಸ್‌ನಿಂದ ಬ್ರೂಜ್‌ಗೆ ಸುಮಾರು ಒಂದು ಗಂಟೆ. ಸ್ಟೇಷನ್ ಬೋರ್ಡಿನ ಮೇಲೆ ಡಚ್ ಭಾಷೆಯಲ್ಲಿ ‘ಬ್ರುಗ್ಗೆ’ ಅಂತ ಇರುತ್ತದೆ, ಗಾಬರಿಯಾಗಬೇಡಿ.

ಸೈಕಲ್ ರೈಲಿಗೆ ಹತ್ತಿಸಬೇಕಾದರೆ ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು. ಮಡಚುವ ಸೈಕಲ್ ಮಡಚಿದ್ದರೆ ಬೇಡ. ಬೋಗಿಯ ಬಾಗಿಲ ಮೇಲೆ ಸೈಕಲ್ ಚಿತ್ರ ಇರುತ್ತದೆ, ಅದೇ ಬಾಗಿಲಲ್ಲಿ ಹತ್ತಿಸಿ. ಬಿಸಿಲಿನ ಭಾನುವಾರ ಸಮುದ್ರದ ಕಡೆಯ ರೈಲುಗಳು ಕಿಕ್ಕಿರಿದಿರುತ್ತವೆ. ಜಾಗ ಇಲ್ಲದಿದ್ದರೆ ಸೈಕಲ್ ಹತ್ತಿಸಲು ಕಂಡಕ್ಟರ್ ಬಿಡದೇ ಇರಬಹುದು. ಹಾಗಾಗಿ ಹೈಸ್ಟ್ ದಾರಿ ಆರಿಸಿದವರು ಸಂಜೆ ಕೊನೆಯ ರೈಲಿನ ಮೇಲೆ ಭಾರ ಹಾಕಬೇಡಿ. ಕಡೇಪಕ್ಷ ಎರಡು ರೈಲು ಮುಂಚೆ ಸ್ಟೇಷನ್ ತಲುಪುವ ಹಾಗೆ ಲೆಕ್ಕ ಇಟ್ಟುಕೊಳ್ಳಿ.

## ಹಂತ 5: ಸೈಕಲ್ ತಗೊಳ್ಳುವಾಗ ಹತ್ತು ನಿಮಿಷ ಅಲ್ಲೇ ನಿಲ್ಲಿ

ಸ್ಟೇಷನ್ ಹತ್ತಿರವೂ ಊರೊಳಗೂ ಬಾಡಿಗೆ ಸೈಕಲ್ ಸಿಗುತ್ತವೆ. ತಪ್ಪು ಆಗುವುದು ಅಂಗಡಿಯಲ್ಲೇ. ಕೈಗೆ ಸಿಕ್ಕಿದ್ದನ್ನು ಹತ್ತಿ ಹೊರಟುಬಿಡುತ್ತಾರೆ.

ಬ್ರೇಕು. ಇದು ಎಲ್ಲಕ್ಕಿಂತ ಮುಖ್ಯ. ಇಲ್ಲಿಯ ಎಷ್ಟೋ ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕು ಕೈಯಲ್ಲಿಲ್ಲ. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುತ್ತದೆ. ನಮಗೆ ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸುವ ಅಭ್ಯಾಸ, ಅಲ್ವಾ? ಇಳಿಜಾರಿನಲ್ಲಿ, ತಿರುವಿನಲ್ಲಿ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ. ಈ ಸೈಕಲ್ಲಿನಲ್ಲಿ ಹಾಗೆ ಮಾಡಿದರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ. ನಮ್ಮ ಭಾವ ಮೊದಲ ದಿನ ಸೇತುವೆ ಇಳಿಯುವಾಗ ಹೀಗೇ ಬಿದ್ದು ಮೊಣಕೈ ಕೆತ್ತಿಸಿಕೊಂಡರು. ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲ. ಹಾಗಾಗಿ ನೀವೇ ಕೇಳಿ. ಎರಡೂ ಬ್ರೇಕು ಕೈಯಲ್ಲಿರುವ ಸೈಕಲ್ ಇದ್ದರೆ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ, ಹೊರಟು ಅಭ್ಯಾಸ ಮಾಡಿ. ಹಿಂದಕ್ಕೆ ತುಳಿಯುವ ಬ್ರೇಕು ಇದ್ದಾಗ ನಿಂತ ಮೇಲೆ ಪೆಡಲ್ ಎತ್ತರಕ್ಕೆ ತಂದುಕೊಳ್ಳಲು ಆಗುವುದಿಲ್ಲ. ನಿಲ್ಲುವಾಗಲೇ ಒಂದು ಪೆಡಲ್ ಮೇಲಿರುವ ಹಾಗೆ ನಿಲ್ಲಿಸುವುದನ್ನು ಕಲಿಯಿರಿ.

ಎತ್ತರ. ಇಲ್ಲಿಯವರು ಎತ್ತರದ ಜನ, ಸೈಕಲ್ಲೂ ಹಾಗೇ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಸೀಟು ಪೂರ್ತಿ ಇಳಿಸಿದರೂ ತಾಗದಿದ್ದರೆ ಚಿಕ್ಕ ಫ್ರೇಮ್ ಕೇಳಿ. ಸಂಕೋಚ ಬೇಡ, ಇಟ್ಟಿರುತ್ತಾರೆ. ಪಕ್ಕದಲ್ಲಿ ನೀರಿರುವ ದಾರಿಯಲ್ಲಿ ಕಾಲು ನೆಲಕ್ಕೆ ಸಿಗದೇ ಹೋದರೆ ಅಪಾಯ.

ಬೀಗ. ಹಿಂದಿನ ಚಕ್ರದ ಮೇಲೆ ಕುದುರೆ ಲಾಳದ ಹಾಗಿರುವ ಬೀಗ ಇರುತ್ತದೆ. ಕೀಲಿ ಹಾಕಿ ಸಣ್ಣ ಹಿಡಿಯನ್ನು ಕೆಳಗೆ ಒತ್ತಿದರೆ ಕಡ್ಡಿಗಳ ನಡುವೆ ಸರಳು ಹೊಕ್ಕು ಟಕ್ ಅನ್ನುತ್ತದೆ, ಆಗ ಕೀಲಿ ಕೈಗೆ ಬರುತ್ತದೆ. ಬೀಗ ತೆಗೆದಿರುವಾಗ ಸಾಮಾನ್ಯವಾಗಿ ಕೀಲಿ ಬೀಗದಲ್ಲೇ ಇರುತ್ತದೆ, ಅದನ್ನು ಕೀಳಲು ಒದ್ದಾಡಬೇಡಿ. ಈ ಬೀಗ ಚಕ್ರವನ್ನು ಮಾತ್ರ ಹಿಡಿಯುತ್ತದೆ, ಎತ್ತಿಕೊಂಡು ಹೋಗುವವರನ್ನು ತಡೆಯುವುದಿಲ್ಲ. ಕಂಬಕ್ಕೆ ಕಟ್ಟಲು ಸರಪಳಿ ಕೇಳಿ ಪಡೆಯಿರಿ.

ಆಮೇಲೆ ಬೆಲ್ಲು ಬಾರಿಸಿ ನೋಡಿ, ಮುಂದಿನ ಹಿಂದಿನ ದೀಪ ಹತ್ತಿಸಿ ನೋಡಿ, ಚಕ್ರದ ಗಾಳಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಕತ್ತಲಲ್ಲಿ ದೀಪ ಇಲ್ಲದೆ ಹೋದರೆ ದಂಡ ಬೀಳುತ್ತದೆ.

## ಹಂತ 6: ಚೀಲ ತುಂಬುವುದು

ಏರಿ ಮೇಲೆ ಅಂಗಡಿಗಳಿಲ್ಲ. ಡಾಮ, ಸಿಫನ್, ಸ್ಲೌಸ್ ಬಿಟ್ಟರೆ ತಿನ್ನಲು ಸಿಗುವುದು ಅಪರೂಪ. ವಾರದ ದಿನಗಳಲ್ಲಿ ಹಳ್ಳಿಯ ಹೋಟೆಲುಗಳು ಒಂದೆರಡು ದಿನ ಮುಚ್ಚಿಯೂ ಇರುತ್ತವೆ.

- ಒಬ್ಬರಿಗೆ ಒಂದು ಲೀಟರ್ ನೀರು. ನಲ್ಲಿ ನೀರು ಕುಡಿಯಬಹುದು, ಮನೆಯಲ್ಲೇ ತುಂಬಿಸಿ.
- ಗಾಳಿ ತಡೆಯುವ ತೆಳು ಜಾಕೆಟ್. ಜುಲೈ ತಿಂಗಳಲ್ಲೂ ಬೇಕು. ಬೆವರಿದ ಮೈಗೆ ಇಲ್ಲಿಯ ಗಾಳಿ ತಾಗಿದರೆ ಚಳಿ ಹಿಡಿಯುತ್ತದೆ.
- ಪಂಕ್ಚರ್ ಕಿಟ್ ಮತ್ತು ಪಂಪು, ಸ್ವಂತ ಸೈಕಲ್ ಇದ್ದರೆ. ಇಲ್ಲಿಯ ಸಾದಾ ಸೈಕಲ್ಲುಗಳ ವಾಲ್ವ್ ನಮ್ಮೂರಿನ ಹಳೆಯ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ಲಿನ ವಾಲ್ವ್ ಥರದ್ದೇ. ಬಾಡಿಗೆ ಸೈಕಲ್ ಆದರೆ ಅಂಗಡಿಯ ಫೋನ್ ನಂಬರ್ ಬರೆದುಕೊಳ್ಳಿ.
- ಪಾಸ್‌ಪೋರ್ಟ್ ಅಥವಾ ಇಲ್ಲಿಯ ಗುರುತಿನ ಚೀಟಿ. ಸ್ಲೌಸ್‌ಗೆ ಹೋದರೆ ದೇಶ ದಾಟಿದ ಹಾಗೆ. ಎರಡೂ ಷೆಂಗೆನ್ ದೇಶಗಳಾದ್ದರಿಂದ ಒಂದೇ ವೀಸಾ ಸಾಕು, ಒಮ್ಮೆ ಮಾತ್ರ ಪ್ರವೇಶ ಇರುವ ವೀಸಾದಲ್ಲೂ ಹೋಗಿ ಬರಬಹುದು.

ತಿಂಡಿ ಕಟ್ಟಿಕೊಂಡು ಹೋಗಿ. ನಾನು ಚಪಾತಿ ಸುರುಳಿ, ಒಂದು ಡಬ್ಬಿ ಚಿತ್ರಾನ್ನ ಒಯ್ಯುತ್ತೇನೆ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಬೆಲ್ಜಿಯಂನಲ್ಲಿ ಆಲೂಗಡ್ಡೆ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಹಳೆಯದು, ಈಗಲೂ ಹಲವು ಕಡೆ ಇದೆ. ಎಣ್ಣೆ ಯಾವುದು ಅಂತ ಕೇಳಿಯೇ ತಗೊಳ್ಳಿ.

ದುಪ್ಪಟ್ಟ, ಉದ್ದ ಕುರ್ತಾ, ಸಡಿಲ ಪ್ಯಾಂಟು ಚೈನಿಗೆ ಸಿಕ್ಕಿಕೊಳ್ಳುತ್ತವೆ. ಬೆನ್ನಿಗೆ ಗಾಳಿ ಇದ್ದಾಗ ದುಪ್ಪಟ್ಟ ಮುಖದ ಮೇಲೆ ಬರುತ್ತದೆ. ಚೀಲದೊಳಗೆ ಇಟ್ಟುಬಿಡಿ.

## ಹಂತ 7: ಸ್ಟೇಷನ್‌ನಿಂದ ಡಾಮ್‌ಪೋರ್ಟ್‌ಗೆ

ಇಲ್ಲಿ ಊರಿನ ನಡುವೆ ಹಾದು ಹೋಗಬೇಡಿ. ಕಲ್ಲು ಹಾಸಿನ ಬೀದಿ, ಜನಜಂಗುಳಿ, ಕುದುರೆ ಗಾಡಿ. ಮಣಿಕಟ್ಟು ನೋಯುತ್ತದೆ, ಹೊರಡುವ ಮುಂಚೆಯೇ ಸುಸ್ತು.

ಊರಿನ ಸುತ್ತ ಹಳೆಯ ಕೋಟೆಯ ದಿಬ್ಬ ಮತ್ತು ನೀರಿದೆ. ಅದರ ಉದ್ದಕ್ಕೂ ಹಸಿರಿನ ನಡುವೆ ದಾರಿ. ಸ್ಟೇಷನ್‌ನಿಂದ ಪೂರ್ವಕ್ಕೆ ಹೊರಟು ನೀರನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿಕೊಂಡು ಬನ್ನಿ. ಖೆಂಟ್‌ಪೋರ್ಟ್, ಕ್ರೌಸ್‌ಪೋರ್ಟ್ ಅನ್ನುವ ಎರಡು ಹಳೆಯ ಕೋಟೆ ಬಾಗಿಲು, ಆಮೇಲೆ ದಿಬ್ಬದ ಮೇಲೆ ಗಾಳಿಗಿರಣಿಗಳು ಸಿಕ್ಕಿದರೆ ಸರಿಯಾದ ದಾರಿ. ಗಿರಣಿಗಳು ಮುಗಿದ ಮೇಲೆ ಡಾಮ್‌ಪೋರ್ಟ್. ಸುಮಾರು 5 ಕಿ.ಮೀ. ನಡೆಯುವವರೂ ಇರುತ್ತಾರೆ, ನಿಧಾನ.

ಡಾಮ್‌ಪೋರ್ಟ್ ಇಡೀ ದಾರಿಯಲ್ಲಿ ಅತಿ ಗೊಂದಲದ ಜಾಗ. ನೀರು ಹಲವು ಕಡೆಗೆ ಒಡೆಯುತ್ತದೆ, ಹಡಗು ಬಂದರೆ ಸೇತುವೆ ತೆರೆಯುತ್ತದೆ, ಲಾರಿಗಳೂ ಇರುತ್ತವೆ. ಇಲ್ಲಿ ಸೈಕಲ್ ಇಳಿದು, ಚೀಟಿ ನೋಡಿ, ಮುಂದಿನ ಸಂಖ್ಯೆಯ ಬಾಣ ಕಂಡ ಮೇಲೇ ದಾಟಿ. ಗಂಟೆ ಬಾರಿಸಿ ಕೆಂಪು ದೀಪ ಹತ್ತಿದರೆ ಸೇತುವೆಯ ಮೇಲೆ ಓಡಬೇಡಿ.

ದಾಟಿದ ಮೇಲೆ ಕಾಲುವೆ ಅಗಲ ಕಡಿಮೆ ಇದ್ದು, ನೇರವಾಗಿ, ಮರಗಳ ಸಾಲಿನ ನಡುವೆ ಹೋಗುತ್ತಿದ್ದರೆ ಅದು ಡಾಮ್ಸ ವಾರ್ಟ್. ಅಗಲವಾಗಿದ್ದು ದೊಡ್ಡ ಹಡಗು, ಗೋದಾಮು ಕಂಡರೆ ನೀವು ಬಂದರಿನ ಕಡೆ ಹೊರಟಿದ್ದೀರಿ, ತಿರುಗಿ.

## ಹಂತ 8: ಏರಿ ಮೇಲೆ

ಡಾಮ್ಸ ವಾರ್ಟ್‌ನ ಎರಡೂ ದಡದಲ್ಲಿ ದಾರಿ ಇದೆ. ಎರಡೂ ಒಂದೇ ಅಂದುಕೊಳ್ಳಬೇಡಿ. ಕೆಲವು ಕಡೆ ಒಂದು ದಡದಲ್ಲಿ ಕಾರು ಓಡಾಡುತ್ತವೆ. ಬಾಣ ತೋರಿಸಿದ ದಡವನ್ನೇ ಹಿಡಿಯಿರಿ.

ಕೆಂಪು ಅಂಚಿನ ಬಿಳಿ ದುಂಡು ಫಲಕ ಕಂಡರೆ ಯಾವ ವಾಹನಕ್ಕೂ ಪ್ರವೇಶ ಇಲ್ಲ ಅಂತ ಅರ್ಥ. ನಮ್ಮವರು ಅದನ್ನು ನೋಡಿ ಹೆದರಿ ತಿರುಗಿಬಿಡುತ್ತಾರೆ. ಅದರ ಕೆಳಗೆ ಸಣ್ಣ ಹಲಗೆಯಲ್ಲಿ ಸೈಕಲ್ ಚಿತ್ರದ ಜೊತೆ ಉದ್ದನೆಯ ಒಂದು ಡಚ್ ಪದ ಇದ್ದರೆ ‘ಸೈಕಲ್ ಹೊರತು’ ಅಂತ. ಅಂದರೆ ಕಾರಿಗೆ ಇಲ್ಲ, ನಿಮಗೆ ಇದೆ. ನೀವು ಹುಡುಕುತ್ತಿರುವ ಫಲಕವೇ ಅದು! ‘ಓಮ್‌ಲೈಡಿಂಗ್’ ಅಂತ ಇದ್ದರೆ ಮುಂದೆ ಕೆಲಸ ನಡೆಯುತ್ತಿದೆ, ಸುತ್ತಿ ಹೋಗಿ ಅಂತ. ಅದನ್ನು ಮೀರಿ ಹೋದರೆ ವಾಪಸ್ ಬರಬೇಕಾಗುತ್ತದೆ.

ಬಲಗಡೆ ಹೋಗಬೇಕು. ಇದನ್ನು ಬೆಳಿಗ್ಗೆ ಎಲ್ಲರೂ ನೆನಪಿಡುತ್ತಾರೆ. ಮರೆಯುವುದು ತಿಂಡಿಗೆ ನಿಂತು ಮತ್ತೆ ಹೊರಡುವಾಗ. ಹಾಗಾಗಿ ನಿಲ್ಲಿಸುವಾಗಲೇ ಸೈಕಲ್ಲನ್ನು ದಾರಿಯ ಬಲಕ್ಕೆ, ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಇನ್ನು ಬೆಲ್ಜಿಯಂನಲ್ಲಿ ಫಲಕ, ಗುರುತು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಸಣ್ಣ ಹಳ್ಳಿ ರಸ್ತೆಯಿಂದ ಬಂದ ಕಾರೂ ನಿಲ್ಲುವುದಿಲ್ಲ. ನೆಲದ ಮೇಲೆ ಬಿಳಿ ತ್ರಿಕೋನಗಳ ಸಾಲು ನಿಮ್ಮ ಕಡೆ ಮೂತಿ ಮಾಡಿದ್ದರೆ ನೀವೇ ನಿಂತು ದಾರಿ ಬಿಡಬೇಕು.

ಹಿಂದಿನಿಂದ ಬೆಲ್ಲು ಕೇಳಿದರೆ ತಿರುಗಿ ನೋಡಬೇಡಿ. ತಿರುಗಿದರೆ ಹ್ಯಾಂಡಲ್ಲೂ ತಿರುಗುತ್ತದೆ. ನೇರವಾಗಿ ಬಲಕ್ಕೆ ಸರಿದು ಅದೇ ವೇಗದಲ್ಲಿ ಹೋಗಿ. ರೇಸ್ ಸೈಕಲ್ಲಿನವರು ಗುಂಪಾಗಿ ಬರುತ್ತಾರೆ, ಒಬ್ಬರು ದಾಟಿದರೆ ಮುಗಿಯಿತು ಅಂತಲ್ಲ. ಮೂವರು ಅಕ್ಕಪಕ್ಕ ಹರಟುತ್ತಾ ಹೋಗುವುದು ಬೇಡ. ಫೋನ್ ಕೈಯಲ್ಲಿ ಹಿಡಿದು ಸೈಕಲ್ ಹೊಡೆಯುವುದಕ್ಕೆ ಎರಡೂ ದೇಶಗಳಲ್ಲಿ ದಂಡ ಇದೆ. ಫೋಟೋ ಬೇಕಾದರೆ ಇಳಿದು ತೆಗೆಯಿರಿ.

ದಾರಿಯ ಮೇಲೆ ಕಣ್ಣಿಡಬೇಕಾದ್ದು ಮೂರು. ಮೀನು ಹಿಡಿಯುವವರ ಉದ್ದ ಕೋಲು: ಅದನ್ನು ಹಿಂದಕ್ಕೆ ಎಳೆದಾಗ ದಾರಿಗೆ ಅಡ್ಡ ಬರುತ್ತದೆ, ದೂರದಿಂದಲೇ ಬೆಲ್ಲು ಬಾರಿಸಿ. ಅಕ್ಟೋಬರ್, ನವೆಂಬರ್‌ನಲ್ಲಿ ಒದ್ದೆ ಪಾಪ್ಲರ್ ಎಲೆ ಮತ್ತು ಟ್ರ್ಯಾಕ್ಟರ್ ಬಿಟ್ಟುಹೋದ ಹೊಲದ ಕೆಸರು: ಸಾಬೂನಿನ ಹಾಗೆ ಜಾರುತ್ತದೆ, ಅದರ ಮೇಲೆ ಬ್ರೇಕು ಹಿಡಿಯಬೇಡಿ. ಕಾಂಕ್ರೀಟ್ ಹಲಗೆಗಳ ನಡುವಿನ ಸೀಳು: ಉದ್ದಕ್ಕೂ ಇದ್ದರೆ ಚಕ್ರ ಅದರೊಳಗೆ ಇಳಿಯುತ್ತದೆ. ಮಕ್ಕಳನ್ನು ಯಾವಾಗಲೂ ನೀರಿಲ್ಲದ ಬದಿಗೆ ಇಟ್ಟುಕೊಳ್ಳಿ.

## ಹಂತ 9: ಸಿಫನ್ ದಾಟುವುದು

ಡಾಮ ಬಿಟ್ಟು 4 ಕಿ.ಮೀ. ಆದಮೇಲೆ ಡಾಮ್ಸ ವಾರ್ಟ್ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ಹಿಂದೆ ಇಲ್ಲಿ ಒಂದು ಕಾಲುವೆ ಇನ್ನೊಂದರ ಅಡಿಯಲ್ಲಿ ಹಾದುಹೋಗುವ ಏರ್ಪಾಡು ಇತ್ತು, 1940ರ ಯುದ್ಧದಲ್ಲಿ ಅದನ್ನು ಸ್ಫೋಟಿಸಿದರು. ಜಾಗದ ಹೆಸರು ಮಾತ್ರ ಉಳಿದಿದೆ.

ಕಾಲುವೆ ಮುಗಿಯಿತು, ದಾರಿಯೂ ಮುಗಿಯಿತು ಅಂತ ಇಲ್ಲಿಂದ ವಾಪಸ್ ಹೋದವರಿದ್ದಾರೆ. ಗಮನ ಇಟ್ಟು ನೋಡಿ. ಮೊದಲು ಸಿಗುವ ಕಾಲುವೆ ಸ್ಕಿಪ್‌ಡೊಂಕ್. ಅದರ ಪಕ್ಕದಲ್ಲೇ ಲಿಯೊಪೋಲ್ಡ್. ಸ್ಲೌಸ್‌ಗೆ ಹೋಗುವವರು ಎರಡನ್ನೂ ಸೇತುವೆ ಮೇಲೆ ದಾಟಿ, ಮುಂದೆ ಅದೇ ನೇರದಲ್ಲಿ ಮತ್ತೆ ಶುರುವಾಗುವ ಡಾಮ್ಸ ವಾರ್ಟ್ ಹಿಡಿಯಬೇಕು. ಒಂದೇ ಸೇತುವೆ ದಾಟಿ ತಿರುಗಿದರೆ ಎರಡು ಕಾಲುವೆಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಹೈಸ್ಟ್‌ಗೆ ಹೋಗುವವರು ಎಡಕ್ಕೆ, ಅಂದರೆ ವಾಯುವ್ಯಕ್ಕೆ. ಬಲಕ್ಕೆ ತಿರುಗಿದರೆ ಒಳನಾಡಿಗೆ ಕಿಲೋಮೀಟರುಗಟ್ಟಲೆ ಹೋಗುತ್ತೀರಿ. ಎರಡೂ ಕಡೆ ನೋಡಲು ಒಂದೇ ಥರ ಇರುವುದರಿಂದ ಇಲ್ಲಿ ಫೋನಿನ ದಿಕ್ಸೂಚಿ ತೆಗೆದು ನೋಡುವುದು ಒಳ್ಳೆಯದು.

## ಹಂತ 10: ಯಾವಾಗ ನಿಲ್ಲಬೇಕು, ಯಾವಾಗ ತಿರುಗಬೇಕು

ಅಪಾಯ ಬರುವ ಮುಂಚೆ ದಾರಿ ಸೂಚನೆ ಕೊಡುತ್ತದೆ. ನಾನು ಇವನ್ನು ಮೀರಿ ಹೋದಾಗಲೆಲ್ಲ ಕಷ್ಟಪಟ್ಟಿದ್ದೇನೆ.

ಎರಡು ಕೂಡುದಾರಿ ದಾಟಿದರೂ ಬಾಣ ಕಾಣಲಿಲ್ಲ ಅಂದರೆ ದಾರಿ ತಪ್ಪಿದೆ. ಒಂದು ಕೂಡುದಾರಿಯಲ್ಲಿ ಫಲಕ ಇಲ್ಲದಿದ್ದರೆ ನೇರ ಹೋಗುವುದು ಇಲ್ಲಿಯ ಪದ್ಧತಿ. ಎರಡನೆಯದರಲ್ಲೂ ಇಲ್ಲದಿದ್ದರೆ ಕೊನೆಯ ಬಾಣ ಕಂಡ ಜಾಗಕ್ಕೆ ವಾಪಸ್ ಹೋಗಿ. ಅಡ್ಡದಾರಿ ಹುಡುಕಬೇಡಿ.

ಹೋಗುವಾಗ ಪೆಡಲ್ ತುಳಿಯದೆಯೇ ಸೈಕಲ್ ಓಡುತ್ತಿದ್ದರೆ ಅಲ್ಲೇ ನಿಲ್ಲಿ. ಸೈಕಲ್ ತಿರುಗಿಸಿ ಎದುರು ದಿಕ್ಕಿಗೆ ಐದು ನಿಮಿಷ ಹೊಡೆದು ನೋಡಿ. ಈ ಐದು ನಿಮಿಷ ಎಷ್ಟೋ ಜನರ ಸಂಜೆಯನ್ನು ಉಳಿಸಿದೆ. ಕಷ್ಟ ಅನಿಸಿದರೆ ಉಳಿದ ಶಕ್ತಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಹೋಗುವುದಕ್ಕೆ, ಎರಡು ಭಾಗ ಬರುವುದಕ್ಕೆ ಅಂತ ಹಂಚಿ.

ನೈರುತ್ಯದಲ್ಲಿ ಮೋಡ ಕಪ್ಪಾದರೆ ಮಳೆ ನಿಮ್ಮ ಕಡೆಗೇ ಬರುತ್ತಿದೆ. ಬಯಲಲ್ಲಿ ಗುಡುಗು ಕೇಳಿದರೆ ಮರದ ಸಾಲಿನ ಕೆಳಗೆ ನಿಲ್ಲಬೇಡಿ, ಹತ್ತಿರದ ಊರಿಗೆ ಹೋಗಿ ಕಟ್ಟಡದೊಳಗೆ ಸೇರಿ. ಮಕ್ಕಳು ಮಾತು ನಿಲ್ಲಿಸಿದರೆ ಅವರಿಗೆ ಚಳಿ ಆಗಿದೆ ಅಥವಾ ಹಸಿವಾಗಿದೆ, ಕೇಳುವವರೆಗೂ ಕಾಯಬೇಡಿ. ಡಿಸೆಂಬರ್‌ನಲ್ಲಿ ನಾಲ್ಕೂವರೆ, ನಾಲ್ಕೂಮುಕ್ಕಾಲಿಗೆ ಸೂರ್ಯ ಮುಳುಗುತ್ತಾನೆ, ಏರಿ ಮೇಲೆ ಬೀದಿ ದೀಪ ಇಲ್ಲ. ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ತಿರುಗಿ. ಯಾರಾದರೂ ಬಿದ್ದು ಏಳಲಾಗದಿದ್ದರೆ, ನೀರಿಗೆ ಬಿದ್ದರೆ 112ಕ್ಕೆ ಫೋನ್ ಮಾಡಿ. ಎರಡೂ ದೇಶಕ್ಕೆ ಅದೇ ಸಂಖ್ಯೆ. ಎಲ್ಲಿದ್ದೀರಿ ಅಂತ ಹೇಳಲು ಹತ್ತಿರದ ಕ್ನೋಪ್‌ಪುಂಟ್ ಸಂಖ್ಯೆ ಮತ್ತು ಕಾಲುವೆಯ ಹೆಸರು ಹೇಳಿ.

## ಹಂತ 11: ಎದುರು ಗಾಳಿಯಲ್ಲೇ ವಾಪಸ್ ಬರಬೇಕಾಗಿ ಬಂದರೆ

ಎಷ್ಟು ಲೆಕ್ಕ ಹಾಕಿದರೂ ಒಮ್ಮೊಮ್ಮೆ ಹೀಗಾಗುತ್ತದೆ. ಗೇರ್ ಎರಡು ಇಳಿಸಿ, ಕಾಲು ಹಗುರವಾಗಿ ತಿರುಗಲಿ. ವೇಗದ ಆಸೆ ಬಿಡಿ. ಮೈ ಮುಂದಕ್ಕೆ ಬಾಗಿಸಿ, ಜಾಕೆಟ್ ಜಿಪ್ ಪೂರ್ತಿ ಎಳೆಯಿರಿ, ತೆರೆದ ಜಾಕೆಟ್ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಗುಂಪಿನಲ್ಲಿದ್ದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬನ್ನಿ. ಮುಂದಿನವರು ಗಾಳಿ ಒಡೆಯುತ್ತಾರೆ, ಹಿಂದಿನವರಿಗೆ ಸಲೀಸು. ಐದು ನಿಮಿಷಕ್ಕೊಮ್ಮೆ ಮುಂದಿನವರು ಬದಲಾಗಲಿ. ತೀರ ಸುಸ್ತಾದವರನ್ನು ಕೊನೆಗೆ ಬಿಡಬೇಡಿ, ಅವರು ಹಿಂದೆ ಉಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯವರಾಗಿ ಇಟ್ಟುಕೊಳ್ಳಿ.

ಡಾಮ ಬಂದಾಗ ಹದಿನೈದು ನಿಮಿಷ ಒಳಗೆ ಕೂತು ಬಿಸಿಯಾಗಿ ಏನಾದರೂ ಕುಡಿಯಿರಿ. ಅಲ್ಲಿಂದ ಉಳಿದದ್ದು 5 ಕಿ.ಮೀ., ಎದುರು ಗಾಳಿಯಲ್ಲೂ ಅರ್ಧ ಗಂಟೆ. ಸೈಕಲ್ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಅಲ್ಲೇ ಒಮ್ಮೆ ನೋಡಿಕೊಳ್ಳಿ, ತಡ ಆಗುವ ಹಾಗಿದ್ದರೆ ಡಾಮದಿಂದಲೇ ಫೋನ್ ಮಾಡಿ ಹೇಳಿ.